ಹಳೇ ಕಲ್ಲು ನೋಡಿ ನಿಮಗೇನಾಗಬೇಕು?

ಹಾಸ್ಟೆಲ್ ಗೆಳೆಯರೇ,

ನಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದರು. 'ಪರಂಪರೆ ದರ್ಶನ, ಒಂದು ದಿನದ ಪ್ರವಾಸ. ತಲೆಗೆ 600 ರೂಪಾಯಿ. ಊಟ ಸೇರಿ.' ನಾವು ಹನ್ನೊಂದು ಮಂದಿ ಹೋಗಿ ಕೇಳಿದೆವು: "ಸರ್, ನಾವೂ ಬರ್ತೀವ್ರಿ. ರೊಕ್ಕ ಕಂತಿನ್ಯಾಗ ಕೊಡ್ತೀವಿ." ಅವರು ನಕ್ಕರು. "ನಿಮಗ ಯಾಕ ಬೇಕ್ರಪಾ ಹಳೀ ಕಲ್ಲು? ಅದನ್ನ ನೋಡಿ ನಿಮಗೇನಾಗಬೇಕು? ಇದ್ದ ಪರೀಕ್ಷಾಕ್ಕ ಓದ್ರಿ" ಅಂದರು.

ಬೈಗುಳ ಅಲ್ಲ ಅದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಗುನಗುತ್ತ, ಹಿತ ಹೇಳುವವರಂತೆ ಹೇಳಿದ ಮಾತು. ಅದಕ್ಕೇ ಅದು ಒಳಗೆ ಇಳಿಯಿತು. ಪರಂಪರೆ ಎಂದರೆ ಇದ್ದವರ ಆಸ್ತಿ, ಅದು ನಿಮ್ಮದಲ್ಲ, ಸ್ಕಾಲರ್‌ಶಿಪ್ಪು ತಗೊಂಡು ಸುಮ್ಮನಿರಿ ಎಂಬುದು ಆ ನಗೆಯ ಅರ್ಥ.

ನಾವು ಸುಮ್ಮನಿರಲಿಲ್ಲ. ಕೈಲಾದಷ್ಟು ಕೂಡಿ ಹಾಕಿದೆವು. ಖಾನಾವಳಿಯಿಂದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡೆವು. ಒಂದು ಭಾನುವಾರ ಕಲಬುರಗಿಯಿಂದ ಬಸ್ ಹತ್ತಿ ಚಿತ್ತಾಪುರಕ್ಕೆ ಇಳಿದು, ಟಂಟಂ ಹಿಡಿದು ನಾಗಾವಿ, ಅಲ್ಲಿಂದ ಕ್ರೂಸರ್ ಮಾಡಿಕೊಂಡು ಭೀಮಾ ನದಿಯ ದಂಡೆಯ ಸನ್ನತಿ ಮುಟ್ಟಿದೆವು. ಕ್ರೂಸರ್ ಡ್ರೈವರಣ್ಣ ದಾರಿಯುದ್ದಕ್ಕೂ ಕೇಳಿದ: "ಗುಡಿಗೆ ಹೋಗೋದಾದ್ರ ಸರಿ. ಆಕಡೀ ಒಡಕ ಕಲ್ಲು ನೋಡ್ಲಾಕ ಯಾಕ ಹೊಂಟೀರಿ ತಮ್ಮಾ?" ಸರ್ ಕೇಳಿದ್ದೂ ಅದೇ ಪ್ರಶ್ನೆ. ಆದರೆ ಡ್ರೈವರಣ್ಣನದು ನಿಜವಾದ ಪ್ರಶ್ನೆ, ಸರ್‌ದು ಬಾಗಿಲು ಮುಚ್ಚುವ ಪ್ರಶ್ನೆ. ಈ ಬರಹ ಇಬ್ಬರಿಗೂ ಉತ್ತರ.

ಮೊದಲು ಒಂದು ಹಳೆಯ ಟೂರಿನ ಕಥೆ ಕೇಳಿ. 1934ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮತ್ತು ಚಳವಳಿಯ ಸಂಗಾತಿಗಳು, ಸುಮಾರು 30 ಮಂದಿ, ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಬಸ್ ಮಾಡಿಕೊಂಡು ಹೊರಟರು. ಅದು ನಿಜಾಮನ ಸೀಮೆ. ನಮ್ಮ ಕಲಬುರಗಿಯೂ ಆಗ ಅದೇ ಸೀಮೆಯಲ್ಲಿತ್ತು. ತೊಂದರೆ ಬೇಡವೆಂದು ಜಾತಿ ಹೇಳಿಕೊಳ್ಳದೆ ಪ್ರಯಾಣ ಮಾಡುವುದೆಂದು ತೀರ್ಮಾನಿಸಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಮುಖದ ಮೇಲೆಲ್ಲ ಧೂಳು. ಕೋಟೆ ಬಾಗಿಲ ಬಳಿ ನೀರು ತುಂಬಿದ ಹೊಂಡ. ಕೆಲವರು ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಒಬ್ಬ ಮುದುಕ, ಮುಸಲ್ಮಾನ, ಹೊಂಡ ಮೈಲಿಗೆಯಾಯಿತೆಂದು ಕೂಗುತ್ತ ಓಡಿಬಂದ. ಜನ ಸೇರಿತು, ಬೈಗುಳ ಸುರಿಯಿತು. ಕೊನೆಗೆ ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಕಾವಲಿಗೆ ಬಂದೂಕಿನ ಸಿಪಾಯಿಯನ್ನೂ ಜೊತೆಗೆ ಕಳಿಸಿದರು. ಇದನ್ನು ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ದಾಖಲಿಸಿದ್ದಾರೆ. ಜಾತಿಯ ವಿಷ ಈ ಮಣ್ಣಿನಲ್ಲಿ ಒಂದೇ ಧರ್ಮದ ಪಾತ್ರೆಯಲ್ಲಿ ನಿಲ್ಲಲಿಲ್ಲ, ಎಲ್ಲ ಪಾತ್ರೆಗೂ ಹರಿಯಿತು ಎಂಬುದು ಆ ದಿನದ ಪಾಠ.

ಪರದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್, ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದವರು. ಅವರಿಗೂ ಹಳೇ ಕಲ್ಲು ನೋಡಲು ಬಂದೂಕಿನ ಕಾವಲು! ಹಾಗಾದರೆ ಪ್ರವಾಸ ಎಂಬುದು ಮೋಜಲ್ಲ ಗೆಳೆಯರೇ. ಯಾವ ನೆಲದಲ್ಲಿ ಯಾರು ಕಾಲಿಡಬಹುದು, ಯಾವ ನೀರು ಯಾರು ಮುಟ್ಟಬಹುದು ಎಂಬುದೇ ಅದರ ಮೊದಲ ಪ್ರಶ್ನೆ.

ಈಗ ನಾಗಾವಿಗೆ ಬನ್ನಿ. ಚಿತ್ತಾಪುರದ ಮಗ್ಗುಲಲ್ಲೇ ಇದೆ. ಅರವತ್ತು ಕಂಬದ ಗುಡಿ, ಒಡೆದ ಗೋಡೆ, ಶಾಸನದ ಕಲ್ಲು. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿತ್ತು. ಈಗಿನವರು ಅದನ್ನು ಪ್ರಾಚೀನ ವಿಶ್ವವಿದ್ಯಾಲಯ ಎಂದು ಹೆಮ್ಮೆಯಿಂದ ಕರೆಯುತ್ತಾರೆ. 1058ರ ಶಾಸನ ಲೆಕ್ಕ ಕೊಡುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಕಲಿಸುವ ಗುರುಗಳು, ಪುಸ್ತಕ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು. ಇವರ ಜೀವನಕ್ಕೆ ಭೂಮಿ ಬಿಟ್ಟಿದ್ದರು.

ನಾವು ಆ ಕಂಬಗಳ ನಡುವೆ ಕೂತು ರೊಟ್ಟಿ ಬಿಚ್ಚಿದಾಗ ನಮ್ಮಲ್ಲೊಬ್ಬ ಹೇಳಿದ: "ಲೇ, ಇದು ಹಾಸ್ಟೆಲ್ಲೇ ಅಲ್ಲೇನಲೇ!" ಹೌದು. ಬಿಟ್ಟಿ ಅನ್ನ, ಬಿಟ್ಟಿ ವಾಸ, ಬಿಟ್ಟಿ ಪಾಠ. ಸರ್ಕಾರಿ ಖರ್ಚಿನ ಹಾಸ್ಟೆಲು. ಸಾವಿರ ವರ್ಷದ ಹಿಂದೆ!

ಇಂದು ನಮ್ಮನ್ನು 'ಬಿಟ್ಟಿ ಕೂಳಿನವರು' ಎನ್ನುವವರೇ, ಸ್ವಲ್ಪ ನಿಲ್ಲಿ. ಆ 250 ಹುಡುಗರು ಯಾರ ಕೂಳು ತಿಂದರು? ಬಿಟ್ಟ ಭೂಮಿ ತಾನೇ ಜೋಳ ಬೆಳೆಯಲಿಲ್ಲ. ಉತ್ತವರು ಯಾರು, ಕಳೆ ತೆಗೆದವರು ಯಾರು, ಸತ್ತ ದನ ಎಳೆದವರು ಯಾರು, ಊರ ಹೊರಗೆ ಮಲಗಿದವರು ಯಾರು? ಭಂಡಾರಿಗರ ಎಣಿಕೆ ಕಲ್ಲಿನ ಮೇಲಿದೆ. ಭೂಮಿ ಉತ್ತವರ ಎಣಿಕೆ ಇಲ್ಲ. ವೇದ ಕಿವಿಗೆ ಬಿದ್ದರೆ ಕಾದ ಸೀಸ ಹೊಯ್ಯಿರಿ ಎಂದು ಧರ್ಮಶಾಸ್ತ್ರ ಬರೆದ ಸಮಾಜದಲ್ಲಿ ಆ ಹಾಸ್ಟೆಲಿನ ಸೀಟು ಯಾರಿಗೆ ಮೀಸಲಾಗಿತ್ತು ಎಂದು ಹೇಳಬೇಕಾಗಿಲ್ಲ. ಮೀಸಲಾತಿಯನ್ನು ನಾವು ತರಲಿಲ್ಲ. ಅದು ಮೊದಲೇ ಇತ್ತು, ನೂರಕ್ಕೆ ನೂರು ಇತ್ತು. ಬಾಬಾಸಾಹೇಬರು ಅದರಲ್ಲಿ ನಮ್ಮ ಪಾಲು ಕೇಳಿದರು, ಅಷ್ಟೇ. ಈ ಮಾತು ಯಾವ ಗೈಡೂ ಹೇಳುವುದಿಲ್ಲ. ಅದಕ್ಕೇ ನಾವು ಹೋಗಬೇಕು.

ನಾಗಾವಿಯಿಂದ ಸನ್ನತಿ. ಅಲ್ಲಿ ಚಂದ್ರಲಾಂಬಾ ಗುಡಿ ಪ್ರಸಿದ್ಧ. ದೂರದೂರದಿಂದ ಭಕ್ತರು ಬರುತ್ತಾರೆ. 1986ರಲ್ಲಿ ಆ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು. ಕೆಳಗಿನ ಪೀಠದ ಕಲ್ಲು ನೋಡಿದರೆ ಮೈತುಂಬ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನ. ಎರಡೂ ಮಗ್ಗುಲಿಗೆ ಬರೆದ ಕಲ್ಲು. ಮೂರ್ತಿ ನಿಲ್ಲಿಸಲು ಅದರ ನಡುಮಧ್ಯೆ ತೂತು ಕೊರೆದಿದ್ದರು. ಕೊರೆದ ಕಡೆ ಅಕ್ಷರಗಳೂ ಹೋದವು.

ಏನು ಬರೆದಿದೆ ಆ ಕಲ್ಲಿನಲ್ಲಿ? ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಗಲ್ಲು ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಕಳಿಂಗದ ಧೌಲಿ, ಜೌಗಡಗಳಲ್ಲಿ ಬಿಟ್ಟರೆ ಸಿಕ್ಕಿದ್ದು ಇಲ್ಲಿಯೇ. ನಿನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯಬೇಡ ಎನ್ನುತ್ತದೆ ಒಂದು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಅಧಿಕಾರಿಗಳೇ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎನ್ನುತ್ತದೆ ಇನ್ನೊಂದು. ಎಲ್ಲರೂ ಮಕ್ಕಳು ಎಂದ ಆ ಮಾತಿನ ಎದೆಗೇ ತೂತು ಬಿದ್ದಿದೆ.

ಯಾರೋ ದ್ವೇಷದಿಂದಲೇ ಹೀಗೆ ಮಾಡಿದರೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಚಪ್ಪಡಿ ಕಣ್ಣಿಗೆ ಬಿತ್ತು, ಹಾಕಿಕೊಂಡರು ಅನ್ನೋಣ. ಬ್ರಾಹ್ಮಿ ಓದುವವರೇ ನಾಡಿನಲ್ಲಿ ಉಳಿದಿರಲಿಲ್ಲ. 1837ರ ಸುಮಾರಿಗೆ ಪ್ರಿನ್ಸೆಪ್ ಎಂಬ ಇಂಗ್ಲಿಷಿನವನು ಓದಿ ಹೇಳಬೇಕಾಯಿತು. ನಮ್ಮ ಸಿಟ್ಟು ಇರುವುದು ಈ ಮರೆವಿನ ಮೇಲೆ. ಶತಮಾನಗಳ ಕಾಲ ಶಾಸ್ತ್ರ ಓದಿದ ಘಟಿಕಾಸ್ಥಾನಗಳಿದ್ದ ನಾಡಿದು. ಪುಸ್ತಕ ಕಾಯಲು ಆರು ಭಂಡಾರಿಗರಿದ್ದರು. ಮನುಷ್ಯರೆಲ್ಲ ಒಂದೇ ಎಂಬ ಅಕ್ಷರವನ್ನು ಕಾಯಲು ಒಬ್ಬನೂ ಇರಲಿಲ್ಲ. ದ್ವೇಷ ಸುಡುತ್ತದೆ, ಗುರುತು ಉಳಿಯುತ್ತದೆ. ಮರೆವು ಗುರುತನ್ನೂ ಉಳಿಸುವುದಿಲ್ಲ. ನಮ್ಮ ತಾತ ಮುತ್ತಾತಂದಿರ ಹೆಸರು ಎಲ್ಲಿ ಹೋಯಿತೋ ಆ ಅಕ್ಷರವೂ ಅಲ್ಲಿಗೇ ಹೋಗಿತ್ತು. ನೆಲದ ಕೆಳಕ್ಕೆ.

ಪಕ್ಕದಲ್ಲೇ ಕನಗನಹಳ್ಳಿ. 1994ರಿಂದ ಪುರಾತತ್ತ್ವದವರು ಅಗೆದಾಗ ದೊಡ್ಡ ಸ್ತೂಪವೇ ಎದ್ದು ಬಂತು. ಅದರ ಹೆಸರು ಅಧೋಲೋಕ ಮಹಾಚೈತ್ಯ ಎಂದು ಅಲ್ಲಿನ ಬರಹಗಳೇ ಹೇಳುತ್ತವೆ. ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಕೊಡೆ ಚಾಮರ ಹಿಡಿದ ಹೆಂಗಸರು. ಮೇಲೆ ಅಶೋಕರಾಜ ಎಂದು ಬ್ರಾಹ್ಮಿಯಲ್ಲಿ ಹೆಸರು. ಸ್ತೂಪಕ್ಕೆ ಕಲ್ಲು ಕೊಟ್ಟವರ ಹೆಸರುಗಳೂ ಇವೆ, ಭಿಕ್ಷುಗಳು, ಭಿಕ್ಷುಣಿಯರು, ಮನೆವಾರ್ತೆಯ ಗಂಡಸರು ಹೆಂಗಸರು. ಇಂಥ ಕಲ್ಲುಗಳು ಅಗೆದ ಮೇಲೂ ಸುಮಾರು 20 ವರ್ಷ ಸರಿಯಾದ ದುರಸ್ತಿ ಕಾಣದೆ ಬಿದ್ದಿದ್ದವು. ಕೆಲಸ ಶುರುವಾದದ್ದು ಇತ್ತೀಚೆಗೆ, 2022ರ ಹೊತ್ತಿಗೆ. ಇದೇ ಜಿಲ್ಲೆಯ ಕಲ್ಲಿನಿಂದ, ಶಹಾಬಾದಿನ ಪರಸಿಯಿಂದ, ಎಷ್ಟು ಊರುಗಳ ಮನೆ ನೆಲ ಹಾಸಿಲ್ಲ! ಆ ಗಣಿಯಲ್ಲಿ ಕಲ್ಲು ಎಬ್ಬಿಸುವವರ ಮಕ್ಕಳು ನಮ್ಮ ರೂಮಿನಲ್ಲೇ ಇದ್ದಾರೆ. ನಮ್ಮ ಜೊತೆ ಬಂದಿದ್ದ ಅಂಥ ಒಬ್ಬ ಚಪ್ಪಡಿಯ ಅಂಚು ನೋಡಿ, "ಇದನ್ನ ಎಬ್ಬಿಸಿದಾವ ಕಸಬುದಾರ ಇದ್ದ" ಅಂದ. ಗೈಡು ಹೇಳದ ಇತಿಹಾಸ ಅದು.

ಗೆಳೆಯರೇ, ನಾವು ಅಶೋಕನ ಭಜನೆ ಮಾಡಲು ಹೋಗಲಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಎಂದು ಅವನೇ ಬರೆಸಿದ್ದಾನೆ. ಸನ್ನತಿಯಲ್ಲಿರುವ ಹದಿನಾಲ್ಕನೆಯ ಶಾಸನದಲ್ಲಿ, ಬರಹದಲ್ಲಿ ಕೊರತೆ ಕಂಡರೆ ಬರೆದವನ ತಪ್ಪೂ ಇರಬಹುದು ಎಂದಿದ್ದಾನೆ. ರಾಜ ಎಷ್ಟೇ ಒಳ್ಳೆಯವನಾದರೂ ತಪ್ಪು ಕೂಲಿಯವನದೇ! ಕೊಡೆ ಹಿಡಿದವಳಿಗೆ ಹೆಸರಿಲ್ಲ. ಬುದ್ಧನ ಹೆಸರಿನಲ್ಲಿ ಮತ್ತೊಂದು ರಾಜಭಕ್ತಿ ನಮಗೆ ಬೇಡ. ಗುಡಿಗೆ ಹೋಗುವ ಅವ್ವಂದಿರ ಮೇಲೂ ನಮಗೆ ಸಿಟ್ಟಿಲ್ಲ. ಅವರ ಜೊತೆ ಕೂತು ಆ ಕಲ್ಲಿನ ಕಥೆ ಹೇಳುವುದೇ ನಮ್ಮ ಕೆಲಸ.

ನಮ್ಮವರಲ್ಲೇ ಕೆಲವರು ಹೇಳುತ್ತಾರೆ: "ಕೆಲಸ ಇಲ್ಲ, ಭೂಮಿ ಇಲ್ಲ, ಕಲ್ಲು ನೋಡಿ ಹೊಟ್ಟೆ ತುಂಬ್ತದೇನು?" ತುಂಬುವುದಿಲ್ಲ, ನಿಜ. ಆದರೆ ಭೂಮಿ ಕೇಳಲು ನಿಂತಾಗ ಎದುರಿನವನು ಮೊದಲು ಕೇಳುವುದು, ನಿಮಗ್ಯಾವ ಹಕ್ಕು, ನಿಮಗ್ಯಾವ ಇತಿಹಾಸ ಎಂದೇ. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಲ್ಲ, ಹಕ್ಕಿಗೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ಕಡೆಗೆ ಹೊರಳಿದಾಗ ಅವರು ಹೊಸದೇನನ್ನೂ ತಂದು ಹೊರಿಸಲಿಲ್ಲ. ಪೀಠದಡಿ ಸೇರಿದ್ದನ್ನು ಎತ್ತಿ ನಿಲ್ಲಿಸಿದರು. ಸನ್ನತಿಯ ಚಾವಣಿ ಬಿದ್ದದ್ದು ಅದಾಗಿ 30 ವರ್ಷಕ್ಕೆ.

ಆದ್ದರಿಂದ ನಾವು ಕೇಳುವುದಿಷ್ಟು:

1. ಕಾಲೇಜುಗಳ ಪರಂಪರೆ ಪ್ರವಾಸದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳಿಂದ ಹಣ ಕೇಳಬಾರದು. ಹುಡುಗಿಯರ ಹಾಸ್ಟೆಲ್‌ಗಳನ್ನು ಕೈಬಿಡಬಾರದು.

2. ನಾಗಾವಿ, ಸನ್ನತಿ, ಕನಗನಹಳ್ಳಿಗಳಲ್ಲಿ ಶಾಸನದ ಪೂರ್ತಿ ಅರ್ಥ ಆಡುಮಾತಿನ ಕನ್ನಡದಲ್ಲಿರಬೇಕು. ಕಲ್ಲು ಎಲ್ಲಿ, ಯಾವುದರ ಕೆಳಗೆ ಸಿಕ್ಕಿತೆಂಬುದನ್ನೂ ಬರೆಯಬೇಕು.

3. ಆಯಾ ಊರಿನ ಕೇರಿಯ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಗೈಡ್ ಕೆಲಸ ಕೊಡಬೇಕು.

ಇದು ಸಿಗುವತನಕ ಕಾಯುವುದೂ ಬೇಡ. ರಾಯಚೂರಿನವರು ಮಸ್ಕಿಗೆ ಹೋಗಿ. 1915ರಲ್ಲಿ ಅಶೋಕ ಎಂಬ ಹೆಸರು ಹೊತ್ತ ಶಾಸನ ಅಲ್ಲಿ ಸಿಕ್ಕಿತು. ಚಿಕ್ಕವನೂ ಶ್ರಮಪಟ್ಟರೆ ದೊಡ್ಡದನ್ನು ಮುಟ್ಟಬಲ್ಲ ಎಂಬ ಮಾತು ಅದರಲ್ಲಿದೆ. ಚಿತ್ರದುರ್ಗದವರು ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿಗೆ ಹೋಗಿ. ಅಲ್ಲಿ ಬರೆದವನು ತನ್ನ ಹೆಸರನ್ನೂ ಕೆತ್ತಿದ್ದಾನೆ: ಲಿಪಿಕಾರ ಚಪಡ. ಬೆಂಗಳೂರಿನವರು ಕೆಜಿಎಫ್‌ಗೆ ಹೋಗಿ. ಸಿನಿಮಾದ ಕೆಜಿಎಫ್ ಅಲ್ಲ, 2001ರಲ್ಲಿ ಗಣಿ ಮುಚ್ಚಿ ಬೀದಿಗೆ ಬಿದ್ದ ದಲಿತ ಕಾರ್ಮಿಕರ ಲೈನ್ ಮನೆಗಳ ಕೆಜಿಎಫ್.

ಹೋದಲ್ಲಿ ಸೆಲ್ಫಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ನೋಟ್‌ಬುಕ್ಕು ಇರಲಿ. ಮೂರೇ ಪ್ರಶ್ನೆ ಬರೆದುಕೊಳ್ಳಿ. ಈ ಕಲ್ಲು ಹೊತ್ತವರು ಯಾರು? ಇದರೊಳಗೆ ಬರಬಾರದು ಅಂದದ್ದು ಯಾರಿಗೆ? ಇದರ ಕೆಳಗೆ ಏನಿದೆ?

ಹಳೇ ಕಲ್ಲು ನೋಡಿ ನಮಗೇನಾಗಬೇಕು ಸರ್? ಅದರ ಕೆಳಗೆ ನಾವಿದ್ದೇವೆ. ಅಷ್ಟೇ.

ಮುಂದಿನ ತಿಂಗಳ ಕೊನೆಯ ಭಾನುವಾರ ಮತ್ತೆ ಹೊರಡುತ್ತೇವೆ. ರೊಟ್ಟಿ ಕಟ್ಟಿಕೊಂಡು ಬನ್ನಿ.

ಜೈ ಭೀಮ್!