ಒಗ್ಗರಣೆಯ ಸದ್ದಿಗೂ ಕಾಸು

ಯೂಟ್ಯೂಬಿನಲ್ಲಿ ಅಡುಗೆ ತೋರಿಸಿ ನಾಲ್ಕು ಕಾಸು ಮಾಡಬಹುದೇ ಎಂದು ಕೇಳುವ ಸೋದರಿಯರು ಈಗ ಬಹಳ. ಮಾಡಬಹುದು, ಆದರೆ ಮೊದಲ ತಿಂಗಳೇ ಬಳೆ ಮಾಡಿಸುವ ಲೆಕ್ಕ ಹಾಕಬೇಡಿ. ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರಾಗಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವೀಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. (ಗಿಡ್ಡ ವೀಡಿಯೋಗಳ ಲೆಕ್ಕ ಬೇರೆ.) ಹಬ್ಬ, ಮಗಳ ಬಾಣಂತನ ಅಂತ ನಾಲ್ಕು ತಿಂಗಳು ಕೈಬಿಟ್ಟಿರೋ, ಹಳೆಯ ಗಂಟೆಗಳು ಲೆಕ್ಕದಿಂದ ಜಾರುತ್ತಾ ಹೋಗುತ್ತವೆ. ಆದ್ದರಿಂದ ವಾರಕ್ಕೊಂದೇ ಆದರೂ ಸರಿ, ಮಕ್ಕಳು ಶಾಲೆಗೆ ಹೋದ ಮೇಲೆ, ಟಿ.ವಿ. ಗದ್ದಲ ಇಲ್ಲದ ಹೊತ್ತು ನೋಡಿ ತೆಗೆಯಿರಿ. ಅತ್ತೆಯವರ ಕೈಯ ಹುಳಿಪುಡಿ ತೋರಿಸುವುದಾದರೆ ಅವರನ್ನು ಕೇಳಿಯೇ ತೋರಿಸಿ, ಅವರ ಹೆಸರನ್ನೂ ಹೇಳಿ.

ಗಳಿಕೆ 10 ಡಾಲರ್ ಮುಟ್ಟಿದಾಗ ಗೂಗಲ್‌ನವರ ಗುಪ್ತಸಂಖ್ಯೆಯ ಕಾಗದ ಅಂಚೆಯಲ್ಲಿ ಬರುತ್ತದೆ. ಪೋಸ್ಟ್‌ಮ್ಯಾನಿಗೆ ಮೊದಲೇ ಹೇಳಿಡಿ. 100 ಡಾಲರ್ ಆಗುವವರೆಗೆ ಹಣ ಕೈಗೆ ಬಾರದು. ಖಾತೆ ಯಾರ ಹೆಸರಲ್ಲಿ? "ಎಲ್ಲಾ ಒಂದೇ ಅಲ್ವೇ" ಅಂತ ಯಜಮಾನರ ಹೆಸರು ಬರೆಸುವವರುಂಟು. ಒಂದೇ ಇರಬಹುದು ಕಣ್ರೀ, ಆದರೂ ಬ್ಯಾಂಕಿನ ಪುಸ್ತಕ ನಿಮ್ಮದೇ ಇರಲಿ ಎಂಬುದು ನನ್ನ ಹಠ. ಇನ್ನು ತವರಿನವರು ಪ್ರೀತಿಯಿಂದ ಜಾಹೀರಾತುಗಳನ್ನೇ ಒತ್ತಿ ಒತ್ತಿ ಸಹಾಯ ಮಾಡಲು ಹೊರಟರೆ ಖಾತೆಯೇ ರದ್ದಾದೀತು. ಅಡುಗೆ ನೋಡಿದರೆ ಸಾಕು ಎಂದು ಹೇಳಿಬಿಡಿ.