ಬೈಕಿನ ಅಂಗಡಿಗೆ ಬೇಕಿರುವುದು ಭಾನುವಾರ

2025ರ ಸೆಪ್ಟೆಂಬರ್ 22ರಂದು ದ್ವಿಚಕ್ರ ವಾಹನಗಳ ಮಾರುಕಟ್ಟೆಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಆದವು. 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದೇ ದಿನ ರಾಯಲ್ ಎನ್‌ಫೀಲ್ಡ್‌ನ 350 ಸಿಸಿ ಬೈಕುಗಳು ಫ್ಲಿಪ್‌ಕಾರ್ಟ್‌ನಲ್ಲಿ ಮಾರಾಟಕ್ಕೆ ಬಂದವು. ಮೊದಲಿಗೆ ಆರಿಸಿಕೊಂಡ ಐದು ನಗರಗಳಲ್ಲಿ ಬೆಂಗಳೂರೂ ಒಂದು. ಚಪ್ಪಲಿ, ಚಾರ್ಜರು ತರಿಸಿಕೊಳ್ಳುತ್ತಿದ್ದ ಮೊಬೈಲಿನಲ್ಲೇ ಈಗ ಬುಲೆಟ್ಟನ್ನೂ ಬುಕ್ ಮಾಡಬಹುದು. ಆದರೆ ಆ ಗಾಡಿಯನ್ನು ಗ್ರಾಹಕರ ಕೈಗೆ ಒಪ್ಪಿಸುವವರು, ಮುಂದೆ ಸರ್ವಿಸ್ ಮಾಡುವವರು ಆಯಾ ಊರಿನ ಅಧಿಕೃತ ಡೀಲರ್‌ಗಳೇ. ದೊಡ್ಡ ಆನ್‌ಲೈನ್ ಕಂಪನಿ ಕೂಡ ಆರ್ಡರನ್ನಷ್ಟೇ ತನ್ನ ಬಳಿ ಇಟ್ಟುಕೊಂಡು, ಸ್ಪ್ಯಾನರ್ ಹಿಡಿಯುವ ಕೆಲಸವನ್ನು ಊರಿನ ಅಂಗಡಿಗೇ ಬಿಟ್ಟಿದೆ.

ಬೈಕಿನ ಸ್ವಭಾವವೇ ಹಾಗೆ. ಪುಸ್ತಕವೋ ಬಟ್ಟೆಯೋ ಮನೆಗೆ ಬಂದರೆ ವ್ಯಾಪಾರ ಮುಗಿಯಿತು. ಬೈಕು ಮನೆಗೆ ಬಂದ ಮೇಲೆ ವ್ಯಾಪಾರ ಶುರುವಾಗುತ್ತದೆ. ಎಣ್ಣೆ ಬದಲಿಸಬೇಕು, ಚೈನ್ ಬಿಗಿ ಮಾಡಬೇಕು, ಬ್ರೇಕ್ ಶೂ ಸವೆಯುತ್ತದೆ, ಕೇಬಲ್ ಹರಿಯುತ್ತದೆ, ಟೈರು ನುಣ್ಣಗಾಗುತ್ತದೆ. 2024-25ರಲ್ಲಿ ದೇಶದೊಳಗೆ ಸುಮಾರು 1.96 ಕೋಟಿ ದ್ವಿಚಕ್ರ ವಾಹನಗಳು ಮಾರಾಟವಾದವು. ಅಷ್ಟೂ ಗಾಡಿಗಳು ಹತ್ತು ಹದಿನೈದು ವರ್ಷ ಓಡಬೇಕಾದರೆ ಬೀದಿ ಬೀದಿಯಲ್ಲೂ ಯಾರಾದರೂ ಅವುಗಳ ಕಷ್ಟ ಕೇಳುವವರು ಇರಲೇಬೇಕು.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಕಂಪನಿಯ ಉದಾಹರಣೆ ಇದೆ. ಓಲಾ ಎಲೆಕ್ಟ್ರಿಕ್ 2021ರ ಜುಲೈನಲ್ಲಿ 499 ರೂಪಾಯಿಗೆ ಸ್ಕೂಟರ್ ಬುಕಿಂಗ್ ತೆರೆದಾಗ ಮೊದಲ 24 ತಾಸುಗಳಲ್ಲೇ ಒಂದು ಲಕ್ಷ ಬುಕಿಂಗ್ ಬಂದವು. ಡೀಲರ್ ಬೇಡ, ಶೋರೂಮ್ ಬೇಡ, ಗಾಡಿ ನೇರವಾಗಿ ಮನೆ ಬಾಗಿಲಿಗೆ ಎಂಬುದು ಅಂದಿನ ಹುರುಪು. ಮೂರು ವರ್ಷ ಕಳೆದು 2024ರ ಅಕ್ಟೋಬರ್‌ ಬರುವಷ್ಟರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಒಂದೇ ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದಿದ್ದವು. ಅವುಗಳಲ್ಲಿ ಶೇ 99ಕ್ಕೂ ಹೆಚ್ಚನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಹೇಳಿತು. ಅದಕ್ಕೂ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ, ರಿಪೇರಿಗೆ ಅಲೆದು ಬೇಸತ್ತ ಗ್ರಾಹಕನೊಬ್ಬ ಶೋರೂಮಿಗೇ ಬೆಂಕಿ ಹಚ್ಚಿದ್ದ. ಅದು ಅಪರಾಧ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಕೆಟ್ಟ ಗಾಡಿಯೊಂದಿಗೆ ದಿಕ್ಕು ಕಾಣದೆ ನಿಂತವರ ಸಿಟ್ಟು ಎಷ್ಟಿರುತ್ತದೆ ಎಂಬುದನ್ನು ಆ ಘಟನೆ ರಾಜ್ಯಕ್ಕೆಲ್ಲ ತೋರಿಸಿತು. 2024ರ ಡಿಸೆಂಬರ್‌ನಲ್ಲಿ ಅದೇ ಕಂಪನಿ ತನ್ನ ಮಳಿಗೆಗಳ ಸಂಖ್ಯೆಯನ್ನು 4,000ಕ್ಕೆ ಏರಿಸಿ, ಜೊತೆಯಲ್ಲೇ ಸರ್ವಿಸ್ ಕೇಂದ್ರಗಳನ್ನೂ ಇಡುವುದಾಗಿ ಪ್ರಕಟಿಸಿತು. ಅಂಗಡಿಯೇ ಬೇಡವೆಂದು ಹೊರಟವರು ಅಂಗಡಿಗೇ ಬಂದರು.

ಹೀಗಿರುವಾಗ ಊರಿನ ಬೈಕ್ ಅಂಗಡಿಗಳು ಗಟ್ಟಿಯಾಗಿ ನಿಂತಿರಬೇಕಿತ್ತು. ಅವು ಸೊರಗುತ್ತಿರುವುದಕ್ಕೆ ಆನ್‌ಲೈನಿನ ಅಗ್ಗದ ಬೆಲೆಯೊಂದನ್ನೇ ದೂರುವುದು ವ್ಯಾಪಾರಿಗಳ ವಾಡಿಕೆ. ನಿಜವಾದ ಕಾರಣ ಅಂಗಡಿಯ ಗಡಿಯಾರದಲ್ಲಿದೆ. ಆ ಮಾತಿಗೆ ಮೊದಲು ಅಂಗಡಿ ಕೊಡುವುದೇನೆಂದು ನೋಡೋಣ.

ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗಿನ ಬೆಂಗಳೂರಿನ ಜೆ.ಸಿ. ರಸ್ತೆ ರವೀಂದ್ರ ಕಲಾಕ್ಷೇತ್ರದಿಂದ ಎಷ್ಟು ಪರಿಚಿತವೋ ವಾಹನಗಳ ಬಿಡಿಭಾಗಗಳಿಂದಲೂ ಅಷ್ಟೇ ಪರಿಚಿತ. ಅಲ್ಲಿ ಕೌಂಟರಿನ ಹಿಂದೆ ನಿಂತವರು ದುಡ್ಡಿನ ಮಾತಿಗೆ ಮೊದಲು ಕೇಳುವುದು ಒಂದೇ: “ಹಳೇ ಪಾರ್ಟ್ ತಂದಿದ್ದೀರಾ?” ತಂದಿಲ್ಲವೆಂದರೆ ಪ್ರಶ್ನೆಗಳ ಮಳೆ. ಯಾವ ವರ್ಷದ ಗಾಡಿ? ಬಿಎಸ್ ಫೋರಾ, ಸಿಕ್ಸಾ? ಡಿಸ್ಕಾ, ಡ್ರಮ್ಮಾ? ಸೆಲ್ಫ್ ಇದೆಯಾ? ಇದು ಸುಮ್ಮನೆ ವಿಚಾರಣೆಯಲ್ಲ. 2020ರ ಏಪ್ರಿಲ್ 1ರಂದು ಬಿಎಸ್ 6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಸ್ಪ್ಲೆಂಡರ್‌ನಂಥ ಮನೆಮಾತಾದ ಗಾಡಿಯಲ್ಲೂ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಗಾಡಿಯ ಹೆಸರು ಅದೇ, ಒಳಗಿನ ಸಾಮಾನು ಬೇರೆ. ಹೆಸರು ನೋಡಿ ಆನ್‌ಲೈನಿನಲ್ಲಿ ತರಿಸಿದ ಸೆನ್ಸರ್ ಕೂರದಿದ್ದರೆ ವಾಪಸ್ ಕಳಿಸಿ, ಇನ್ನೊಂದು ಬರುವವರೆಗೆ ಗಾಡಿ ನಿಂತೇ ಇರುತ್ತದೆ.

ಎಣ್ಣೆಯ ವಿಷಯವೂ ಹೀಗೇ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಜಾರುವ ಗುಣ ಹೆಚ್ಚಿಸುವ ಅಂಶ ಬೆರೆಸಿದ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಸ್ಲಿಪ್ ಆಗುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ಇರಬೇಕೆಂದು ಹೇಳಲು ಅಂಗಡಿಯಲ್ಲೊಬ್ಬ ಮನುಷ್ಯ ಇರುತ್ತಾನೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2324 ಎಂದಿದ್ದರೆ 2024ರ 23ನೇ ವಾರ. ಅಂಗಡಿಯಲ್ಲಿ ಅದನ್ನು ಕಣ್ಣಾರೆ ಓದಿ, ಹೊಸದನ್ನೇ ಕೇಳಿ, ಅಲ್ಲೇ ಹಾಕಿಸಿಕೊಂಡು ಹೊರಡಬಹುದು. ಆನ್‌ಲೈನಿನಲ್ಲಿ ಬಂದ ಟೈರನ್ನು ಹೆಗಲಿಗೇರಿಸಿಕೊಂಡು ಮತ್ತೆ ಅದೇ ಪಂಕ್ಚರ್ ಅಂಗಡಿಗೆ ಹೋಗಬೇಕು.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಇದು ಅನುಕೂಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಶೇ 45ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ನಿಷಿದ್ಧ. ಆದರೂ ಕಳಪೆ ಮಾಲಿನ ಮಾರಾಟ ನಿಲ್ಲದ ಕಾರಣ ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸಾರ್ವಜನಿಕರಿಗೆ ಸುರಕ್ಷತಾ ಎಚ್ಚರಿಕೆ ಹೊರಡಿಸಬೇಕಾಯಿತು. ಅಸಲಿ ಗುರುತಿದ್ದರೂ ಅಳತೆ ತಪ್ಪಿದರೆ ಹೆಲ್ಮೆಟ್ ಕೆಲಸಕ್ಕೆ ಬರುವುದಿಲ್ಲ. ಕೆನ್ನೆಗೆ ಒತ್ತಿ ಕೂರಬೇಕು, ಹಣೆಯ ಬಳಿ ಸಂದು ಇರಬಾರದು, ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಅದೂ ತಲೆಯೊಂದಿಗೇ ಅಲ್ಲಾಡಬೇಕು. ಎಂ, ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬೇರೆ. ನಾಲ್ಕು ಹೆಲ್ಮೆಟ್ ತಲೆಗೆ ಹಾಕಿ ನೋಡಿ ಐದನೆಯದನ್ನು ಆರಿಸುವ ಸೌಲಭ್ಯ ಅಂಗಡಿಯಲ್ಲೇ ಸಿಗಬೇಕು.

ಆನ್‌ಲೈನ್ ವ್ಯಾಪಾರವನ್ನು ಬೈಯುವುದು ಈ ಮಾತಿನ ಉದ್ದೇಶವಲ್ಲ. ದೊಡ್ಡ ಪೇಟೆಯಿಂದ ದೂರವಿರುವ ತಾಲ್ಲೂಕುಗಳಲ್ಲಿ ಬದುಕುವವರಿಗೆ ಅಪರೂಪದ ಬಿಡಿಭಾಗವೊಂದಕ್ಕಾಗಿ ಇಡೀ ದಿನ ಬಸ್ಸಿನಲ್ಲಿ ಅಲೆಯುವುದು ತಪ್ಪಿದೆ. ಬೆಲೆ ಕಣ್ಣೆದುರಿಗೇ ಇರುತ್ತದೆ, ಚೌಕಾಸಿಯಿಲ್ಲ. ಬೈಕಿನ ಬಗ್ಗೆ ಏನೂ ಗೊತ್ತಿಲ್ಲವೆಂದು ಕೌಂಟರಿನಲ್ಲಿ ಕೀಳಾಗಿ ಕಾಣುವವರಿಲ್ಲ. ಈ ಕೊನೆಯ ಮಾತನ್ನು ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಸಾಕಷ್ಟು ಸಲ ಹೇಳಿದ್ದಾರೆ, ಅಂಗಡಿಯವರು ಅದನ್ನು ಕೇಳಿಸಿಕೊಳ್ಳಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ತಾಸುಗಳೊಳಗೆ ದೃಢೀಕರಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಬಿಲ್ ಕೊಡದ, ಕೊಟ್ಟರೂ ಅದರ ಮೇಲೆ ‘ವಾಪಸ್ ಇಲ್ಲ’ ಎಂದು ಬರೆಯುವ ಅಂಗಡಿಗಿಂತ ಇದು ಎಷ್ಟೋ ಮೇಲು.

ಎಲ್ಲಕ್ಕಿಂತ ಹೆಚ್ಚಾಗಿ, ಆನ್‌ಲೈನ್ ಅಂಗಡಿ ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರು, ವೈಟ್‌ಫೀಲ್ಡಿನ ಕಚೇರಿಗೆ ಹೋಗುವವರು, ಶಾಲೆಯ ಶಿಕ್ಷಕಿಯರು ಮನೆಯಿಂದ ಹೊರಟಾಗ ಬಿಡಿಭಾಗದ ಅಂಗಡಿಯ ಶಟರ್ ಇನ್ನೂ ಎದ್ದಿರುವುದಿಲ್ಲ. ದಟ್ಟಣೆಯಲ್ಲಿ ತೆವಳಿ ಮರಳುವ ಹೊತ್ತಿಗೆ ಶಟರ್ ಇಳಿಯುತ್ತಿರುತ್ತದೆ. ಉಳಿದಿರುವುದು ಭಾನುವಾರ. ಅಂದು ಜೆ.ಸಿ. ರಸ್ತೆಯ ಬಹುತೇಕ ಬಾಗಿಲುಗಳಿಗೆ ಬೀಗ. ಬಡಾವಣೆಯ ಗ್ಯಾರೇಜು ಅರ್ಧ ದಿನ ತೆರೆದಿದ್ದರೂ ಮೆಕ್ಯಾನಿಕ್ ಗಾಡಿ ಬಿಚ್ಚಿಟ್ಟು, “ಪಾರ್ಟು ಸೋಮವಾರಾನೇ ಸಾರ್” ಎನ್ನಬೇಕಾಗುತ್ತದೆ. ಸೋಮವಾರ ಕೆಲಸಕ್ಕೆ ಹೋಗಲು ಗಾಡಿಯಿಲ್ಲ. ಊಟದ ಪೊಟ್ಟಣ, ಪಾರ್ಸೆಲ್ ತಲುಪಿಸಿ ಬದುಕುವ ಹುಡುಗರ ಪಾಡು ಇನ್ನೂ ಕಷ್ಟ. ಅವರಿಗೆ ಹೆಚ್ಚು ಸಂಪಾದನೆಯಾಗುವುದು ಸಂಜೆ ಮತ್ತು ಭಾನುವಾರ. ಕ್ಲಚ್ ಕೇಬಲ್ ಹರಿಯುವುದೂ ಆಗಲೇ. ಗಾಡಿ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತದೆ.

ಹಾಗಾಗಿ ಅಂಗಡಿಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ರಿಯಾಯಿತಿ ಎಷ್ಟು ಕೊಡಬೇಕೆಂಬುದಲ್ಲ. ಗಿರಾಕಿಗೆ ಬಿಡುವಿರುವ ಹೊತ್ತಿನಲ್ಲಿ ಬಾಗಿಲು ತೆರೆದಿದೆಯೇ ಎಂಬುದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಹಗುರವಾಗಿ ಕಾಣಲಾಗದು. ಅಂಗಡಿಯ ಹುಡುಗರಿಗೂ ಮನೆಯಿದೆ, ಮಕ್ಕಳಿದ್ದಾರೆ. ಇಡೀ ದಿನ ನಿಂತೇ ದುಡಿಯುವವರ ಭಾನುವಾರವನ್ನು ಗಿರಾಕಿಯ ಅನುಕೂಲಕ್ಕೆಂದು ಕಸಿದುಕೊಂಡರೆ ಅದು ಅನ್ಯಾಯ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ 48 ತಾಸುಗಳ ಮಿತಿ ಹಾಕಿ, ವಾರದ ರಜೆಯನ್ನು ಹಕ್ಕಾಗಿಸಿದೆ. ಆ ಹಕ್ಕು ಒಂದಿಂಚೂ ಸವೆಯಬಾರದು. ಆದರೆ ದುಡಿಯುವವರ ರಜೆ ಬೇರೆ, ಅಂಗಡಿಯ ರಜೆ ಬೇರೆ. ರಜೆಯನ್ನು ಸರದಿಯಂತೆ ಹಂಚಿಕೊಂಡರೆ ಎರಡೂ ಸಾಧ್ಯ. ಮನೆಮಂದಿಯೇ ನಡೆಸುವ ಅಂಗಡಿಯಾದರೆ ಭಾನುವಾರದ ಬದಲು ಮಂಗಳವಾರವೋ ಬುಧವಾರವೋ ಬಾಗಿಲು ಹಾಕಬಹುದು. ಬೆಳಿಗ್ಗೆ ಹತ್ತಕ್ಕೆ ತೆರೆದು ಮಧ್ಯಾಹ್ನದವರೆಗೆ ನೊಣ ಹೊಡೆಯುವುದಕ್ಕಿಂತ, ಹನ್ನೆರಡಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ದುಡಿಮೆಯ ತಾಸು ಹೆಚ್ಚುವುದಿಲ್ಲ, ಗಿರಾಕಿ ಹೆಚ್ಚುತ್ತಾರೆ.

ಸರ್ಕಾರದ ಪಾಲೂ ಇಲ್ಲಿದೆ. 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ದಿನದ 24 ತಾಸೂ, ವಾರದ ಏಳು ದಿನವೂ ವ್ಯಾಪಾರ ನಡೆಸಲು ಅನುಮತಿ ಕೊಟ್ಟಿತು. ಆದರೆ ಆ ಆದೇಶ ಅನ್ವಯಿಸಿದ್ದು ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳಿಗೆ. ಬಿಡಿಭಾಗದ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು ಮಾಲೀಕ ಮತ್ತು ಇಬ್ಬರೋ ಮೂವರೋ ಹುಡುಗರು. ಮಾಲ್‌ಗಳಿಗೆ ತೋರಿಸಿದ ಉದಾರತೆ ಈ ಸಣ್ಣ ಅಂಗಡಿಗಳಿಗೆ ಇನ್ನೂ ಹೆಚ್ಚು ಬೇಕು. ಸಂಜೆ ತಡವಾಗಿ ಮತ್ತು ಭಾನುವಾರ ತೆರೆಯಲು ಏನು ಮಾಡಬೇಕೆಂದು ಕಾರ್ಮಿಕ ಇಲಾಖೆ ಒಂದು ಪುಟದಲ್ಲಿ, ಸರಳ ಕನ್ನಡದಲ್ಲಿ ಬರೆದುಕೊಟ್ಟರೆ ಇನ್‌ಸ್ಪೆಕ್ಟರ್ ಬಂದಾರೆಂಬ ಅಂಜಿಕೆ ತಪ್ಪುತ್ತದೆ.

ಗ್ರಾಹಕರೂ ತಮ್ಮ ಪಾಲನ್ನು ಮರೆಯಬಾರದು. ಅಂಗಡಿಯಲ್ಲಿ ಅರ್ಧ ತಾಸು ಹೆಲ್ಮೆಟ್ ಹಾಕಿ ನೋಡಿ, ಅಳತೆ ತಿಳಿದುಕೊಂಡು, ಇನ್ನೂರು ರೂಪಾಯಿ ಉಳಿಯಿತೆಂದು ಹೊರಗೆ ನಿಂತು ಮೊಬೈಲಿನಲ್ಲಿ ಆರ್ಡರ್ ಮಾಡುವುದು ಸರಿಯಲ್ಲ. ಆ ಅರ್ಧ ತಾಸಿನ ಜಾಗದ ಬಾಡಿಗೆ, ಹುಡುಗನ ಸಂಬಳ, ಅವನ ತಿಳಿವಳಿಕೆ ಎಲ್ಲವನ್ನೂ ಬಳಸಿಕೊಂಡ ಮೇಲೆ ದುಡ್ಡು ಅಲ್ಲೇ ಸೇರಬೇಕು.

ಈ ತಿಳಿವಳಿಕೆ ಎಷ್ಟು ಬೆಲೆಬಾಳುತ್ತದೆಂದು ಮೈಸೂರಿಗೆ ಚೆನ್ನಾಗಿ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆ ಗಾಡಿಗಳಿಗೆ ಕಂಪನಿಯೂ ಇಲ್ಲ, ಸರ್ವಿಸ್ ಸೆಂಟರೂ ಇಲ್ಲ. ಆದರೂ ಜಾವಾ, ಯಜ್ದಿಗಳು ಓಡುತ್ತಲೇ ಇದ್ದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಸಾಲುಗಟ್ಟಿ ಬರುವ ಆ ಗಾಡಿಗಳನ್ನು ಉಳಿಸಿದವರು ಹಳೆಯ ಪಿಸ್ಟನ್, ಕ್ಲಚ್ ಪ್ಲೇಟುಗಳನ್ನು ಜೋಪಾನ ಮಾಡಿದ ಅಂಗಡಿಗಳು ಮತ್ತು ಸದ್ದು ಕೇಳಿಯೇ ರೋಗ ಹೇಳಬಲ್ಲ ಮೆಕ್ಯಾನಿಕ್‌ಗಳು. ಅಂಥವರು ಬಾಡಿಗೆ ಕಟ್ಟಲಾಗದೆ ಅಂಗಡಿ ಮುಚ್ಚಿದರೆ ಆ ವಿದ್ಯೆ ಯಾವ ಆ್ಯಪಿನಲ್ಲೂ ಮರಳಿ ಸಿಗುವುದಿಲ್ಲ.

ಬದಲಾವಣೆಗೆ ಬೇಕಾದ ಸಲಕರಣೆಗಳು ಅಂಗಡಿಯವರ ಕೈಯಲ್ಲೇ ಇವೆ. ಜಿಲ್ಲೆಗಳ ಮೆಕ್ಯಾನಿಕ್‌ಗಳು ಸವೆದ ಭಾಗದ ಫೋಟೊ ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ, ದುಡ್ಡು ಯುಪಿಐಯಲ್ಲಿ ಬರುತ್ತದೆ, ಸಾಮಾನು ರಾತ್ರಿಯ ಬಸ್ಸಿಗೆ ಹತ್ತುತ್ತದೆ. 2021ರಿಂದ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಕೂಡ ಇದೆ. ಇದೇ ಜಾಣ್ಮೆಯನ್ನು ಪಕ್ಕದ ಬೀದಿಯ ಗಿರಾಕಿಗೂ ವಿಸ್ತರಿಸಬೇಕು. ಬೆಳಿಗ್ಗೆ ಫೋಟೊ ಕಳಿಸಿದರೆ ಸಂಜೆ ಕಟ್ಟಿಟ್ಟ ಪೊಟ್ಟಣ ಎತ್ತಿಕೊಂಡು ಹೋಗುವಂತಿರಬೇಕು. ಬಿಲ್ ಕಡ್ಡಾಯವಾಗಿರಬೇಕು. ಕೂರದ ಭಾಗವನ್ನು ಏಳು ದಿನದೊಳಗೆ ಬದಲಿಸಿ ಕೊಡುವ ಭರವಸೆ ಗೋಡೆಯ ಮೇಲೆ ಬರೆದಿರಬೇಕು.

ಮೊದಲ ಹೆಜ್ಜೆಗೆ ಯಾವುದಾದರೂ ಒಂದು ಊರು ಸಾಕು. ಹುಬ್ಬಳ್ಳಿಯೋ ದಾವಣಗೆರೆಯೋ ಬೆಂಗಳೂರಿನ ಒಂದು ರಸ್ತೆಯೋ ಆಗಬಹುದು. ಅಲ್ಲಿನ ವ್ಯಾಪಾರಿಗಳ ಸಂಘ ಪ್ರತಿ ಭಾನುವಾರ ನಾಲ್ಕರಲ್ಲೊಂದು ಅಂಗಡಿಯನ್ನು ಸರದಿಯ ಮೇಲೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ತೆರೆಯಿಸಲಿ. ಅಂದು ಬಂದ ನೌಕರರಿಗೆ ವಾರದ ನಡುವೆ ಪೂರ್ತಿ ರಜೆ ಸಿಗಲಿ. ಯಾವ ವಾರ ಯಾವ ಅಂಗಡಿ ಎಂಬ ಪಟ್ಟಿ ಮುಚ್ಚಿದ ಶಟರುಗಳ ಮೇಲೂ ಮೆಕ್ಯಾನಿಕ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇರಲಿ. ಆಯುಧಪೂಜೆಗೆ ಮುಂಚಿನ ಮೂರು ತಿಂಗಳು ಇದಕ್ಕೆ ಒಳ್ಳೆಯ ಕಾಲ. ಆ ಭಾನುವಾರಗಳ ವ್ಯಾಪಾರದ ಲೆಕ್ಕವನ್ನು ಸಂಘ ಎಲ್ಲರ ಮುಂದಿಡಲಿ, ಮುಂದುವರಿಸುವುದೋ ಬೇಡವೋ ಎಂದು ಮಾಲೀಕರೂ ನೌಕರರೂ ಒಟ್ಟಿಗೆ ಕುಳಿತು ತೀರ್ಮಾನಿಸಲಿ.