ಒತ್ತಡವಲ್ಲ, ಕುಸಿತ ಮುಖ್ಯ

ಪುಣೆಯ ವೇತಾಳ ಟೇಕಡಿಯ ಕಲ್ಲುಹಾದಿಗಳಲ್ಲಿ ಮೌಂಟನ್ ಬೈಕ್ ಓಡಿಸುವ ನಮ್ಮವರು, ಹಿಂದಿನ ಶಾಕ್‌ಗೆ ಎಷ್ಟು ಗಾಳಿ ತುಂಬಬೇಕೆಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಈ ಪ್ರಶ್ನೆಯೇ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. 60 ಕಿಲೋ ತೂಗುವವರಿಗೆ ಒಪ್ಪುವ ಒತ್ತಡ 80 ಕಿಲೋದವರಿಗೆ ಒಪ್ಪದು. ತೂಕ ಒಂದೇ ಆದರೂ ಬೈಕಿನ ರಚನೆ ಬೇರೆಯಾದರೆ ಲೆಕ್ಕವೂ ಬೇರೆ.

ಕೇಳಬೇಕಾದದ್ದು ಸ್ಯಾಗ್ ಎಷ್ಟೆಂದು. ಸವಾರನ ಭಾರಕ್ಕೆ ಶಾಕ್ ಕುಸಿಯುವ ಅಳತೆಯದು. ಈ ಕುಸಿತವಿಲ್ಲದಿದ್ದರೆ ಚಕ್ರವು ತಗ್ಗಿಗೆ ಇಳಿಯಲಾರದೆ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಟ್ರೇಲ್ ಬೈಕುಗಳಿಗೆ ಸಾಮಾನ್ಯವಾಗಿ ಶಾಕ್‌ನ ಒಟ್ಟು ಚಲನೆಯ ಶೇ. 25ರಿಂದ 30; ಅಂದರೆ 50 ಮಿಲಿಮೀಟರಿನ ಶಾಕ್‌ನಲ್ಲಿ 12.5ರಿಂದ 15 ಮಿಲಿಮೀಟರ್. ಹೆಲ್ಮೆಟ್, ಶೂ, ತುಂಬಿದ ನೀರಿನ ಚೀಲದ ಸಮೇತ, ಗೋಡೆಗೆ ಕೈಯಾನಿಸಿ ನಿಧಾನವಾಗಿ ಕುಳಿತು, ಶಾಕ್‌ನ ಕಂಬಿಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಬೇಕು. ಬಳಿಕ ಅಲುಗಾಡಿಸದೆ ಇಳಿದು, ಸೀಲಿನಿಂದ ಉಂಗುರದವರೆಗಿನ ಅಂತರವನ್ನು ಅಳೆಯಬೇಕು. ಅಳತೆ ಹೆಚ್ಚಿದ್ದರೆ ಗಾಳಿ ತುಂಬುವುದು, ಕಡಿಮೆಯಿದ್ದರೆ ಬಿಡುವುದು. ಪ್ರತಿ ಬಾರಿಯೂ ಶಾಕನ್ನು ಹತ್ತು ಹನ್ನೆರಡು ಸಲ ಒತ್ತಿದರೆ ಒಳಗಿನ ಎರಡು ಗಾಳಿಕೋಣೆಗಳು ಸಮವಾಗುತ್ತವೆ. ಇಷ್ಟಕ್ಕೆ ಶಾಕ್ ಪಂಪ್ ಬೇಕೇ ಬೇಕು; ಟೈರಿನ ಪಂಪು ನಡೆಯದು. ಲಕ್ಷ ರೂಪಾಯಿಯ ಬೈಕು ಕೊಂಡು ಪಂಪಿಗೆ ಜಿಪುಣತನ ತೋರುವುದು ನಮಗೆ ಅರ್ಥವಾಗದ ಸಂಗತಿ.

ಹೊಂದಿಸಿದ್ದೂ ಶಾಶ್ವತವಲ್ಲ. ಜನವರಿಯ ಮುಂಜಾನೆ 10 ಡಿಗ್ರಿಯಲ್ಲಿ ತುಂಬಿದ ಗಾಳಿಯ ಒತ್ತಡ, ಮೇ ತಿಂಗಳ 40 ಡಿಗ್ರಿಯಲ್ಲಿ ಸುಮಾರು ಶೇ. 10ರಷ್ಟು ಏರುತ್ತದೆ. ಚಳಿಗೆ ಹಿತವಾಗಿದ್ದ ಬೈಕು ಬೇಸಿಗೆಯಲ್ಲಿ ಬೆನ್ನು ಕುಟ್ಟುವುದಕ್ಕೆ ಟೇಕಡಿಯ ಕಲ್ಲುಗಳನ್ನು ದೂರುವ ಮೊದಲು ಉಂಗುರವನ್ನೊಮ್ಮೆ ನೋಡಬಹುದು.